ಅಳತೆ ತೆಗೆಯುವಷ್ಟು ಹೊತ್ತು

ಟೈಲರಕ್ಕನ ಬಲಗಾಲು ಸುಮ್ಮನಿದ್ದದ್ದನ್ನು ಕಂಡವರು ಇನ್ನೂ ಹುಟ್ಟಿಲ್ಲ. ಹಗಲೆಲ್ಲ ಹೊಲಿಗೆ ಮೆಷಿನ್ ತುಳಿದ ಆ ಕಾಲು ನಿದ್ದೆಯಲ್ಲೂ ತುಳಿಯುತ್ತಲೇ ಇರುತ್ತಿತ್ತು. ಬೆಳಗ್ಗೆ ಎದ್ದು ನೋಡಿದರೆ ತನ್ನ ಪೈಜಾಮ ಹೊದಿಕೆಯ ಜೊತೆ ಸೇರಿ ಹೊಲಿದುಹೋಗಿರುತ್ತಿತ್ತು ಎಂದು ಅವಳ ಗಂಡ ಆಣೆ ಮಾಡಿ ಹೇಳುತ್ತಿದ್ದ. ಆತ ಸುಳ್ಳು ಹೇಳುವವನಲ್ಲ; ಮಾತನ್ನು ಸ್ವಲ್ಪ ಉದ್ದ ಬಿಟ್ಟು ಕತ್ತರಿಸುವವನು, ಅಷ್ಟೆ.

ಅಂಥ ಕಾಲಿಗೆ ತಕ್ಕ ಕೆಲಸ ಹುಡುಕಿಕೊಟ್ಟವಳು ಅವಳ ಅಣ್ಣನ ಮಗಳು. ತನ್ನ ಹಾಡು ತಾನೇ ಕಟ್ಟಿ ಹಾಡುವ ಹುಚ್ಚು ಆ ಹುಡುಗಿಗೆ. ಮನೆಯಲ್ಲಿ ಬಾಯಿ ತೆರೆದರೆ ಮೇಲಿನವರು ನೆಲ ಕುಟ್ಟುತ್ತಿದ್ದರು, ಕೆಳಗಿನವರು ಸೂರು ಕುಟ್ಟುತ್ತಿದ್ದರು. ಕೀಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು ಅತ್ತೆಯ ಅಂಗಡಿಗೆ ಬಂದಳು. ಅಲ್ಲಿ ಗೋಡೆಯೇ ಕಾಣದಂತೆ ಬಟ್ಟೆಯ ಥಾನುಗಳು. ಒಳಗೆ ಆನೆ ಘೀಳಿಟ್ಟರೂ ಬೀದಿಗೆ ಬೆಕ್ಕು ಆಕಳಿಸಿದಷ್ಟೇ ಕೇಳುತ್ತಿತ್ತು. ಪ್ಯಾಂಟಿನ ಅಂಚು ಮಡಿಸಲು ಕೊಡೋಣವೆಂದು ಬಂದ ಬಸ್ ಡ್ರೈವರ್ ಹಾಡು ಕೇಳುತ್ತ ನಿಂತ. ಮರುದಿನ ಗಿಟಾರ್ ತಂದ. ಆ ಪ್ಯಾಂಟನ್ನು ಇವತ್ತಿಗೂ ಒಯ್ದಿಲ್ಲ.

“ಡ್ರಮ್ಮಿಗೆ ಯಾರು?” ಎಂದ ಡ್ರೈವರ್.

ಹುಡುಗಿ ಅತ್ತೆಯ ಕಾಲನ್ನೇ ನೋಡಿದಳು.

“ನನ್ನ ಕಾಲೇನು ನೋಡ್ತೀಯೇ? ಹೊಸದಾಗಿ ಬಂದಿದೆಯಾ?”

“ಮೆಷಿನ್ ತುಳಿದ ಹಾಗೇ ತುಳಿ ಅತ್ತೆ. ಸೂಜಿ ಕೆಳಗೆ ಬಟ್ಟೆ ಇಲ್ಲ ಅಂದ್ಕೋ.”

ಡ್ರೈವರ್ ತಂದಿಟ್ಟ ಪೆಡಲ್ ಡ್ರಮ್ಮನ್ನು ತುಳಿದಳು. ಡ್ರಮ್ಮಿನ ಸದ್ದು ಅವಳಿಗೇ ಕರ್ಕಶವೆನಿಸಿ, ಅದಕ್ಕೊಂದು ಕೋಟಿನ ಲೈನಿಂಗ್ ಬಟ್ಟೆ ತೊಡಿಸಿದಳು. ಆಮೇಲೆ ಅದು ದಿಂಬಿನ ಕೆಳಗೆ ಬಡಿಯುವ ಎದೆಯಂತೆ ಮೆತ್ತಗೆ ಕೇಳಿತು. ಹೀಗೆ ಹುಟ್ಟಿತು ‘ಒಳಜೇಬು’ ಬ್ಯಾಂಡು. ಅವರ ಹಾಡಿನಲ್ಲಿ ಅಬ್ಬರವಿಲ್ಲ, ಕಿರುಚಾಟವಿಲ್ಲ. ಹೊಲಿಸಿಕೊಂಡವನು ಬಾರದೆ ಗೂಟದಲ್ಲೇ ನೇತಾಡುವ ಅಂಗಿ, ಕೊನೆಯ ಸೀಟಿನಲ್ಲಿ ಕಿಟಕಿಗೆ ತಲೆಯಾನಿಸಿ ಇಳಿಯುವ ಜಾಗ ಮರೆತವಳು, ಇಂಥವೇ ವಿಷಯ. ಪಕ್ಕದಲ್ಲಿ ಕೂತು ಗುಟ್ಟು ಹೇಳಿದಂತೆ ಹಾಡುವುದು. ಥಾನುಗಳ ನಡುವೆ ಫೋನೊಂದನ್ನು ಹ್ಯಾಂಗರಿಗೆ ತೂಗುಹಾಕಿ ಮುದ್ರಿಸಿಕೊಂಡ ಆ ಹಾಡುಗಳು ಫೋನಿನಿಂದ ಫೋನಿಗೆ ಹಾರಿ ಊರೆಲ್ಲ ಸುತ್ತಿದವು.

ಒಂದೇ ತೊಡಕು. ಅಂಗಡಿಗೆ ಗಿರಾಕಿ ಬಂದರೆ ಟೈಲರಕ್ಕ ಹಾಡು ಎಲ್ಲಿದ್ದರೆ ಅಲ್ಲೇ ನಿಲ್ಲಿಸಿಬಿಡುತ್ತಿದ್ದಳು. “ಹಾಡು ಇಲ್ಲೇ ಇರುತ್ತೆ. ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾರೆ,” ಎನ್ನುತ್ತಿದ್ದಳು. ಉಳಿದಿಬ್ಬರು ಬೆರಳನ್ನು ಗಾಳಿಯಲ್ಲೇ ಹಿಡಿದು ಕಾಯುತ್ತಿದ್ದರು. “ಕೈ ಎತ್ತಿ,” ಎಂದು ಎದೆಯ ಸುತ್ತಳತೆ ತೆಗೆದು, “ಹೂಂ, ಇಳಿಸಿ,” ಎನ್ನುತ್ತಿದ್ದಂತೆ ಕಾಲು ಡ್ರಮ್ಮಿನ ಮೇಲೆ ಬೀಳುತ್ತಿತ್ತು. ನಿಂತಲ್ಲಿಂದಲೇ ಹಾಡು ಮುಂದುವರಿಯುತ್ತಿತ್ತು. ಫೋನಿನಲ್ಲಿ ಇದೂ ಮುದ್ರಣವಾಗಿತ್ತು. ಅದನ್ನು ಅಳಿಸುವುದು ಮೂವರಿಗೂ ಗೊತ್ತಿರಲಿಲ್ಲ.

ದೊಡ್ಡ ಸಭಾಂಗಣದವರು ಕರೆದಾಗ ಅಲ್ಲಿನ ಮ್ಯಾನೇಜರ್ ಮೂಗು ಮುರಿದ. “ಹಾಡು ಚೆನ್ನಾಗಿದೆ. ಆದ್ರೆ ಮಧ್ಯೆ ಮಧ್ಯೆ ನಿಂತುಹೋಗುತ್ತಲ್ಲ? ಡ್ರಮ್ಮಿಗೆ ನಮ್ಮವನನ್ನ ಕೂರಿಸ್ತೀನಿ.”

“ಅತ್ತೆ ಇಲ್ದೆ ನಾನು ಹಾಡಲ್ಲ,” ಎಂದಳು ಹುಡುಗಿ.

ಟೈಲರಕ್ಕ ಕೊರಳಿನ ಟೇಪನ್ನು ಬೆರಳಿಗೆ ಸುತ್ತಿಕೊಂಡಳು. ಈ ವಯಸ್ಸಿನಲ್ಲಿ ಸಿಕ್ಕ ಸಂತೋಷ, ಕೈಬಿಟ್ಟು ಹೋದರೆ? ಆದರೂ ಬಿಗುಮಾನ ಬಿಡಲಿಲ್ಲ. “ನಡುವೆ ನಿಲ್ಲಿಸಿದ್ರೆ ನಾನೇ ಎದ್ದು ಹೋಗ್ತೀನಿ ಸ್ವಾಮಿ. ನಿಮ್ಮೋನು ಪಕ್ಕದಲ್ಲೇ ಕಾಯ್ತಾ ಕೂತಿರಲಿ.”

ಆ ಸಂಜೆ ಎರಡು ಹಾಡು ಬೆಣ್ಣೆಯಲ್ಲಿ ಕತ್ತರಿ ಆಡಿದಂತೆ ಸಾಗಿದವು. ಮೂರನೆಯದು ಅಂಗಿಯ ಹಾಡು. ಅದು ಏರುವ ಜಾಗಕ್ಕೆ ಬರುವುದಕ್ಕೂ, ಎದುರಿನ ಬಾಗಿಲು ತೆರೆದು ದಪ್ಪನೆಯ ಮನುಷ್ಯನೊಬ್ಬ ಕೈಚೀಲ ಹಿಡಿದು ನಿಲ್ಲುವುದಕ್ಕೂ ಸರಿಹೋಯಿತು. ಟೈಲರಕ್ಕನ ಕಾಲು ಗಕ್ಕನೆ ನಿಂತಿತು. ಗಿಟಾರ್ ನಿಂತಿತು. ಹುಡುಗಿಯ ಬೆರಳು ಗಾಳಿಯಲ್ಲಿ ನಿಂತವು.

“ಬನ್ನಿ ಬನ್ನಿ,” ಎಂದಿತು ಮೈಕಿನಲ್ಲಿ ಟೈಲರಕ್ಕನ ಧ್ವನಿ. “ಕೈ ಎತ್ತಿ.”

ಆ ಮನುಷ್ಯ ಬಲ್ಬು ಬದಲಿಸಲು ಬಂದ ಎಲೆಕ್ಟ್ರಿಷಿಯನ್. ಏನು ತಪ್ಪಾಯಿತೋ ಎಂದು ಹೆದರಿ, ಚೀಲದ ಸಮೇತ ಎರಡೂ ಕೈ ಎತ್ತಿದ. ಅವನೊಬ್ಬನೇ ಅಲ್ಲ. ಫೋನಿನಲ್ಲಿ ಆ ಹಾಡು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದ ಇಡೀ ಸಭಾಂಗಣ, ಇಷ್ಟು ಹೊತ್ತೂ ಈ ಜಾಗಕ್ಕಾಗಿಯೇ ಕಾದಿದ್ದಂತೆ, ಹೋ ಎಂದು ಕೈ ಎತ್ತಿತು. ಅಷ್ಟು ಕೈ ಒಟ್ಟಿಗೆ ಎದ್ದ ಗಾಳಿಗೆ ಮುಂದಿನ ಸಾಲಿನ ಮುದುಕನ ಟೋಪಿ ಹಾರಿ ಮೂರು ಬೀದಿಯಾಚೆ ಬಿತ್ತಂತೆ.

ಮಾಡಿದ ಎಡವಟ್ಟು ಟೈಲರಕ್ಕನಿಗೆ ಆಗ ಹೊಳೆಯಿತು. ಆದರೂ ನಾಲಿಗೆ ಸುಮ್ಮನಿರಬೇಕಲ್ಲ? “ಅಯ್ಯೋ, ಇಷ್ಟು ಜನರ ಅಳತೆ ನಾನು ಯಾವಾಗ ತೆಗೀಲಿ?”

ನಗುವಿಗೆ ಸೂರು ನಡುಗಿತು. “ಅತ್ತೆ, ಇಳಿಸಿ ಅನ್ನು, ಇಳಿಸಿ ಅನ್ನು!” ಹುಡುಗಿ ಪಿಸುಗುಟ್ಟಿದಳು.

“ಹೂಂ, ಇಳಿಸಿ.”

ಕೈಗಳೆಲ್ಲ ಇಳಿದವು, ಕಾಲು ಡ್ರಮ್ಮಿನ ಮೇಲೆ ಬಿತ್ತು, ಹಾಡು ಎದ್ದು ಕುಣಿಯಿತು.

ಹಾಡು ಮುಗಿದದ್ದೇ ಟೈಲರಕ್ಕ ಕೊಟ್ಟ ಮಾತಿನಂತೆ ಎದ್ದು ನಿಂತಳು. ಪಕ್ಕದಲ್ಲಿ ಕಾಯುತ್ತಿದ್ದ ಡ್ರಮ್ಮಿನವನು ಕೈಮುಗಿದ. “ಕೂತ್ಕೊಳ್ಳಿ ಅಕ್ಕಾ. ನಾನು ಹೇಳಿದ್ರೆ ಇವರ್ಯಾರೂ ಕೈ ಇಳಿಸಲ್ಲ. ನಮ್ಮ ಮ್ಯಾನೇಜರನ್ನೇ ನೋಡಿ.”

ಮ್ಯಾನೇಜರನ ಕೈ ಇನ್ನೂ ಮೇಲೆಯೇ ಇತ್ತು.

“ಸಾಕು ಸ್ವಾಮಿ, ಇಳಿಸಿ,” ಎಂದು ಟೈಲರಕ್ಕ ಮತ್ತೆ ಕೂತಳು.

ಕೆಲವು ದಿನ ಕಳೆದು ಅಂಗಡಿಯಲ್ಲಿ ಹೊಸ ಹಾಡು ಏರುತ್ತಿದ್ದಾಗ ಆ ಎಲೆಕ್ಟ್ರಿಷಿಯನ್ ಬಟ್ಟೆ ಹಿಡಿದು ಬಂದ. ಡ್ರಮ್ಮು ನಿಂತಿತು.

“ಒಂದು ಅಂಗಿ ಹೊಲೀಬೇಕಿತ್ತು. ಅಳತೆ ಆವತ್ತೇ ಕೊಟ್ಟಿದ್ದೀನಲ್ಲ?”

“ಅದು ದೂರದಿಂದ ತೆಗೆದದ್ದಪ್ಪಾ, ಬಿಗಿಯಾಗುತ್ತೆ,” ಎಂದು ಟೈಲರಕ್ಕ ಕೊರಳಿನ ಟೇಪು ಎಳೆದುಕೊಂಡಳು. “ಕೈ ಎತ್ತಿ.”