ಇಲ್ಲದ ಬಾಗಿಲಿಗೆ ತಲೆ ಬಗ್ಗಿಸಿದೆವು

ಸುರಿಯುವ ಮಳೆಯಲ್ಲಿ ಬಂದ ಮುದುಕರೊಬ್ಬರು ನಮ್ಮ ಟಾರ್ಪಾಲಿನಿಂದ ನಾಲ್ಕು ಮಾರು ದೂರದಲ್ಲೇ ನಿಂತು, ಕೆಸರಿನಲ್ಲಿ ಚಪ್ಪಲಿ ಬಿಟ್ಟರು. ಆಮೇಲೆ ಹೊಸ್ತಿಲು ದಾಟುವವರಂತೆ ಕಾಲೆತ್ತಿ, ತಲೆ ಬಗ್ಗಿಸಿ ಮುಂದೆ ಬಂದರು. ಅಲ್ಲಿ ಬಾಗಿಲೂ ಇರಲಿಲ್ಲ, ಗೋಡೆಯೂ ಇರಲಿಲ್ಲ.

ತೊಂಬತ್ತರ ದಶಕದ ಒಂದು ಆಷಾಢ. ನಾನೂ ಗೆಳೆಯ ಶಿವಣ್ಣನೂ ಗಾಳ ಹಾಕಲೆಂದು ಪಾಂಡವಪುರದಿಂದ ಕನ್ನಂಬಾಡಿ ಹಿನ್ನೀರಿಗೆ ಹೋಗಿ, ನೀರು ಇಳಿದಿದ್ದ ಬಯಲಿನಲ್ಲೇ ಬಿಡಾರ ಹೂಡಿದ್ದೆವು. ಕೆಸರಿನಲ್ಲಿ ಹೂತಿದ್ದ ಒರಳುಕಲ್ಲಿಗೆ ಟಾರ್ಪಾಲಿನ ಹಗ್ಗ ಕಟ್ಟಿದ್ದೆವು.

ಮುದುಕರು ಆ ಕಲ್ಲನ್ನು ಸವರಿದರು. "ನಮ್ಮವ್ವ ರುಬ್ತಿದ್ದ ಒಳ್ಕಲ್ಲು ಕಣಪ್ಪ ಇದು. ಕಟ್ಟೆ ಕಟ್ಟಿ ಊರು ಮುಳುಗ್ದಾಗ ನಂಗೆ ಏಳೊರ್ಸ. ನೀವು ಕುಂತಿರೋದು ನಮ್ಮ ನಡುಮನೇಲಿ."

ಶಿವಣ್ಣ ನಗಲು ಹೋದ. ಅವರು ನಮ್ಮ ಬೆನ್ನ ಹಿಂದೆ ನೋಡುತ್ತಾ ಮೆಲ್ಲಗೆ ಹೇಳಿದರು: "ಇತ್ಲಬಾಗ್ಲಿಗೆ ನೀರು ಬಂದದೆ. ಏಳ್ರಪ್ಪ."

ತಿರುಗಿದರೆ, ಬೆಳಿಗ್ಗೆ ಕೂಗಳತೆಯಲ್ಲಿದ್ದ ನೀರು ನಮ್ಮ ಮೀನಿನ ಬುಟ್ಟಿಯನ್ನು ತೇಲಿಸುತ್ತಿತ್ತು. ಶಿವಣ್ಣ ಗಾಬರಿಯಿಂದ ಎಡಕ್ಕೆ ಓಡಿದ. ಮುದುಕರು ಅವನ ರಟ್ಟೆ ಹಿಡಿದು, ಅವನು ಕಾಲಿಡಲಿದ್ದ ಜಾಗಕ್ಕೆ ತಮ್ಮ ಕೋಲು ಊರಿದರು. ಆಳುದ್ದದ ಕೋಲು ಹಿಡಿಯವರೆಗೂ ಇಳಿದುಹೋಯಿತು.

"ರಾಗಿ ತುಂಬ್ತಿದ್ದ ಗುಂಡಿ ಅದು. ಬಾಗ್ಲಲ್ಲೇ ಬನ್ನಿ" ಎಂದರು.

ಟಾರ್ಪಾಲನ್ನು ಅಲ್ಲೇ ಬಿಟ್ಟು, ಅವರ ಹಿಂದೆಯೇ ನಾವಿಬ್ಬರೂ ಆ ಬಟ್ಟಬಯಲಿನಲ್ಲಿ ಕಾಲೆತ್ತಿ, ತಲೆ ಬಗ್ಗಿಸಿ ಹೊರಬಂದೆವು. ದಿಣ್ಣೆ ಹತ್ತಿ ನೋಡುವಷ್ಟರಲ್ಲಿ ಒರಳುಕಲ್ಲು ಮುಳುಗಿತ್ತು.

ಈಗಲೂ ಹಿನ್ನೀರಿಗೆ ಮೀನು ಹಿಡಿಯಲು ಹೋಗುತ್ತೇನೆ. ನೀರು ಇಳಿದ ಬಯಲಿಗೆ ಕಾಲಿಡುವ ಮೊದಲು ಚಪ್ಪಲಿ ಬಿಡುತ್ತೇನೆ. ಯಾರ ಮನೆಯೋ ಏನೋ.