ಕಾಚಂಪುಳಿ ಕುಟ್ಟಪ್ಪನವರ ನಲವತ್ತೊಂದು ಫೋನ್ ಕರೆಗಳು

ಮಡಿಕೇರಿ ಬಳಿಯ ಗಾಳಿಬೀಡಿನ ಇಳಿಜಾರಿನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಕುಟ್ಟಪ್ಪನವರು ಜಿಗಣೆ ಹತ್ತದಂತೆ ಹೊಗೆಸೊಪ್ಪಿನ ನೀರನ್ನು ಕಾಲಿಗೆ ಸವರಿಕೊಂಡು, ಬುಟ್ಟಿ ಹಿಡಿದು ಕಾಫಿ ಗಿಡಗಳ ಸಂದಿನಲ್ಲಿ ಬಗ್ಗಿ ನಡೆಯುತ್ತಿದ್ದಾರೆ. ರಾತ್ರಿಯ ಗಾಳಿಗೆ ಉದುರಿದ ಪಣಪುಳಿ ಹಣ್ಣುಗಳು ಕೊಳೆತ ಎಲೆಗಳ ಮೇಲೆ ಹಳದಿಯಾಗಿ ಬಿದ್ದಿವೆ. ಪುಟಾಣಿ ಕುಂಬಳಕಾಯಿಯಂತೆ ಮೈತುಂಬ ಗೆರೆಗಳಿರುವ ಹಣ್ಣು. ಒಂದೊಂದನ್ನೂ ಎತ್ತಿ, ಹೆಬ್ಬೆರಳಿನಿಂದ ಒತ್ತಿ ನೋಡಿ ಬುಟ್ಟಿಗೆ ಹಾಕುತ್ತಾರೆ.

"ಮರ ಹತ್ತಿ ಕೀಳ್ಬಾರ್ದು. ತಾನಾಗೇ ಬಿದ್ದದ್ದೇ ಆಗ್ಬೇಕು. ಕಾಯಿ ಕಿತ್ರೆ ರಸ ಕಮ್ಮಿ, ಒಗರು ಜಾಸ್ತಿ" ಎನ್ನುತ್ತಾರೆ ಅವರು, ತಲೆ ಎತ್ತದೆ.

ಈ ಹಣ್ಣಿನ ರಸ ಕಾಯಿಸಿ ಮಾಡುವ ಕಪ್ಪು ಹುಳಿಯೇ ಕಾಚಂಪುಳಿ. ಕೊಡಗಿನಲ್ಲಿ ಹಂದಿಮಾಂಸದ ಸಾರಿಗೆ, ಮೀನಿಗೆ ಇದು ಬೇಕೇ ಬೇಕು. ಕುಟ್ಟಪ್ಪನವರು ಹದಿನೆಂಟು ಮರಗಳ ಕೆಳಗೆ ದಿನಕ್ಕೆ ಎರಡು ಬುಟ್ಟಿ ಹೆಕ್ಕುತ್ತಾರೆ. ಹಣ್ಣನ್ನು ಬಿದಿರಿನ ಕುಕ್ಕೆಯಲ್ಲಿ ಒತ್ತಿಟ್ಟರೆ ರಸ ಹನಿಹನಿಯಾಗಿ ಕೆಳಗಿನ ಮಡಕೆಗೆ ಇಳಿಯುತ್ತದೆ. ಆಮೇಲೆ ಸೌದೆ ಒಲೆಯ ಮೇಲೆ ಏಳೆಂಟು ಗಂಟೆಯ ಕುದಿ. ಹತ್ತು ಲೀಟರು ರಸ ಬತ್ತಿ ಒಂದು ಲೀಟರಾಗಬೇಕು. ಮಳೆಗಾಲದ ಎರಡೂವರೆ ತಿಂಗಳಲ್ಲಿ ಇನ್ನೂರು ಸಣ್ಣ ಬಾಟಲಿ ತುಂಬಿದರೆ ಒಳ್ಳೆಯ ವರ್ಷ. ಕುದಿವ ಹುಳಿ ಸಿಡಿದ ಕಲೆಗಳು ಅವರ ಎರಡೂ ಮುಂಗೈಗಳ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕಾಣುತ್ತವೆ.

ಐವತ್ತೆಂಟರ ಕುಟ್ಟಪ್ಪನವರು ಹುಟ್ಟಿದ್ದು ಇದೇ ಊರಿನಲ್ಲಿ. ಇಪ್ಪತ್ತೆರಡು ವರ್ಷ ಪಾಲಿಬೆಟ್ಟದ ಒಂದು ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಕಾಫಿ ಕೊಯ್ಲಿನ ಸಮಯದಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಯಿತು. ದಿನವಿಡೀ ಗಿಡಗಳ ಸಾಲಿನಿಂದ ಸಾಲಿಗೆ ನಡೆಯುವುದು ಆಗದೆ ಕೆಲಸ ಬಿಟ್ಟರು. ತಾಯಿ ಮಾಡುತ್ತಿದ್ದ ಹುಳಿ ಆಗ ಕೈ ಹಿಡಿಯಿತು. ಪತ್ನಿ ನೀಲಾವತಿ ಒಲೆ ನೋಡಿಕೊಂಡರು, ಇವರು ಹಣ್ಣು ನೋಡಿಕೊಂಡರು. ಬಾಟಲಿಗಳು ಮಡಿಕೇರಿಯ ಸತೀಶ್ ಅವರ ಮಸಾಲೆ ಅಂಗಡಿಗೆ ಹೋಗುತ್ತಿದ್ದವು.

ಕೊರೊನಾ ಮುಗಿದ ಮೇಲೆ ಆ ಅಂಗಡಿಗೆ ಬರುವವರ ಮಾತೇ ಬದಲಾಯಿತು. ಏಲಕ್ಕಿ, ಮೆಣಸು ಕೇಳುತ್ತಿದ್ದ ಪ್ರವಾಸಿಗರು ಈಗ ಇಮ್ಯೂನಿಟಿ ಪುಡಿ ಕೇಳುತ್ತಾರೆ, ಸಕ್ಕರೆ ಇಲ್ಲದ ಜೇನು ಇದೆಯೇ ಎನ್ನುತ್ತಾರೆ, ಬಾಟಲಿ ತಿರುಗಿಸಿ ಕ್ಯಾಲೊರಿ ಹುಡುಕುತ್ತಾರೆ. ವರ್ಷಕ್ಕೊಮ್ಮೆ ಮಳೆಗಾಲದ ಕಕ್ಕಡ ತಿಂಗಳಲ್ಲಿ ಪಾಯಸ ಮಾಡಿ ತಿನ್ನುವ ಮದ್ದುಸೊಪ್ಪು ಕೂಡ ಪುಡಿಯಾಗಿ ಡಬ್ಬಿ ಸೇರಿತು. ಪಣಪುಳಿ ಸಿಪ್ಪೆಯ ಸಾರದಿಂದ ತೂಕ ಇಳಿಸುವ ಕ್ಯಾಪ್ಸೂಲ್ ಮಾಡುತ್ತಾರೆಂಬ ಸುದ್ದಿ ಸತೀಶ್ ಅವರಿಗೆ ಫೋನಿನಲ್ಲಿ ಸಿಕ್ಕಿತು. ಅವರು ಕುಟ್ಟಪ್ಪನವರ ಬಾಟಲಿಗೆ ಹೊಸ ಚೀಟಿ ಅಂಟಿಸಿದರು: 'ಕೊಬ್ಬು ಕರಗಿಸುವ ಕೊಡಗಿನ ಪಾನೀಯ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎರಡು ಚಮಚ.'

"ನಾನು ಆ ಚೀಟಿ ಓದಿದ್ದೆ" ಎನ್ನುತ್ತಾರೆ ಕುಟ್ಟಪ್ಪ. "ಓದಿ ಸುಮ್ಮನಿದ್ದೆ. ಮಳೆಗಾಲ ಮುಗಿಯೋ ಮೊದ್ಲೇ ಅಷ್ಟೂ ಖಾಲಿ ಆಗ್ತಿತ್ತಲ್ಲ, ಖುಷಿ ಆಗಿತ್ತು."

ಎರಡು ವರ್ಷದ ಹಿಂದೆ, ಒಂದು ಬೆಳಿಗ್ಗೆ ಅವರ ಫೋನ್ ಹೊಡೆದುಕೊಂಡಿತು. ಮಡಿಕೇರಿಯ ಸೀತಾರಾಮ ಎಂಬವರು. ಅವರ ಪತ್ನಿ ಮೈತ್ರೇಯಿ ಶಾಲಾ ಶಿಕ್ಷಕಿ. ರಕ್ತ ವಾಂತಿಯಾಗಿ ಆಸ್ಪತ್ರೆ ಸೇರಿದ್ದಾರೆ. ಬಾಟಲಿಯ ಹಿಂಭಾಗದಲ್ಲಿ ಸಣ್ಣಕ್ಷರದಲ್ಲಿದ್ದ ನಂಬರು ನೋಡಿ ಮಾಡಿದ್ದಾರೆ.

"ಇದಕ್ಕೆ ಏನೇನು ಹಾಕ್ತೀರಿ ಅಂತ ಡಾಕ್ಟರು ಕೇಳ್ತಿದ್ದಾರೆ. ದಯವಿಟ್ಟು ನಿಜ ಹೇಳಿ."

"ಹಣ್ಣಿನ ರಸ ಬಿಟ್ರೆ ಎಂತದೂ ಹಾಕಲ್ಲ" ಎಂದರು ಕುಟ್ಟಪ್ಪ. "ಅವರು ಎಷ್ಟು ಕುಡಿದ್ರು?"

"ಎರಡು ತಿಂಗಳಿಂದ. ದಿನಾ ಎರಡು ಹೊತ್ತು. ತಿಂಡಿ ಬಿಟ್ಟು."

ಒಲೆಯ ಮುಂದಿದ್ದ ನೀಲಾವತಿ ಗಂಡನ ಮುಖ ನೋಡಿ ಎದ್ದು ಬಂದರು. "ಎಂತ ಆತ್?" ಎಂದು ಕೇಳಿದರು. ಒಂದು ಪಾತ್ರೆಗೆ ಅರ್ಧ ಚಮಚ ಸಾಕಾಗುವ ಹುಳಿ ಅದು. ಮೊದಲ ಬಸ್ಸು ಹಿಡಿದು ಕುಟ್ಟಪ್ಪ ಆಸ್ಪತ್ರೆಗೆ ಹೋದರು. ಹಣ್ಣನ್ನೂ ಹುಳಿಯನ್ನೂ ಡಾಕ್ಟರ ಮೇಜಿನ ಮೇಲಿಟ್ಟು ಮಾಡುವ ಕ್ರಮವನ್ನೆಲ್ಲ ಹೇಳಿದರು. ಮೈತ್ರೇಯಿ ಫೋನಿನಲ್ಲಿ ತರಿಸಿದ್ದ ತೂಕ ಇಳಿಸುವ ಕ್ಯಾಪ್ಸೂಲನ್ನೂ ನುಂಗುತ್ತಿದ್ದರು. ಯಾವುದರಿಂದ ಎಷ್ಟು ಎಂದು ಹೇಳಲಾಗದು, ಆದರೆ ಹೊಟ್ಟೆಯ ಒಳಪದರ ಸುಟ್ಟಂತಾಗಿದೆ ಎಂದರು ಡಾಕ್ಟರು.

ಮಂಚದ ಬಳಿ ನಿಂತ ಕುಟ್ಟಪ್ಪನವರನ್ನು ನೋಡಿ ಮೈತ್ರೇಯಿ ಬೈಯಲಿಲ್ಲ. "ನಮ್ಮನೇಲಿ ಯಾರೂ ಇದನ್ನ ಬಳಸಿದವರಲ್ಲ. ಮಾಂಸದ ಅಡುಗೆಗೆ ಅಂತ ಮಾತ್ರ ಕೇಳಿದ್ದೆ. ಬಾಟಲಿ ಮೇಲೆ ಬರೆದಿತ್ತಲ್ಲ, ನಂಬಿದೆ" ಎಂದರು.

"ಬೈದಿದ್ರೆ ಹಗುರ ಆಗ್ತಿತ್ತು" ಎನ್ನುತ್ತಾರೆ ಕುಟ್ಟಪ್ಪ.

ಆಸ್ಪತ್ರೆಯಿಂದ ಅವರು ನೇರ ಅಂಗಡಿಗೆ ನಡೆದರು. ಕಪಾಟಿನಲ್ಲಿ ಉಳಿದಿದ್ದ ಬಾಟಲಿಗಳನ್ನೆಲ್ಲ ಇಳಿಸತೊಡಗಿದರು. ಸತೀಶ್ ಕೈ ಅಡ್ಡ ಹಿಡಿದರು.

"ಕುಟ್ಟಪ್ಪಣ್ಣ, ನಾನೇನು ಸುಳ್ಳು ಬರ್ದಿಲ್ಲ. ಇಂಟರ್ನೆಟ್ ತುಂಬ ಅದೇ ಇದೆ. ಎಲ್ರೂ ಅದನ್ನೇ ಕೇಳ್ಕೊಂಡು ಬರ್ತಾರೆ."

"ಬರೆದದ್ದು ನೀನು, ಸುಮ್ಮನಿದ್ದದ್ದು ನಾನು. ಜಗಳ ಬೇಡ. ಕೊರಿಯರ್‌ನಲ್ಲಿ ಹೋದದ್ದು ಯಾರ್ಯಾರಿಗೆ? ಪಟ್ಟಿ ಕೊಡು."

ಸತೀಶ್ ಸ್ವಲ್ಪ ಹೊತ್ತು ಕಂಪ್ಯೂಟರಿನ ಮುಂದೆ ಕೂತರು. ಆಮೇಲೆ ಪಟ್ಟಿ ಮುದ್ರಿಸಿ ಕೊಟ್ಟರು. ನಲವತ್ತೊಂದು ಹೆಸರು.

ಮನೆಗೆ ಬಂದ ಬಾಟಲಿಗಳನ್ನು ನೀಲಾವತಿ ಬಿಸಿನೀರಿನಲ್ಲಿ ಮುಳುಗಿಸಿ ಚೀಟಿ ಕೆರೆದರು. ಕುಟ್ಟಪ್ಪ ಜಗಲಿಯಲ್ಲಿ ಕೂತು ಒಂದೊಂದೇ ನಂಬರು ಒತ್ತಿದರು. ಒಂಬತ್ತು ದಿನ ಹಿಡಿಯಿತು. ಜಗಲಿಯ ಮೂಲೆಯಲ್ಲಿ ಮಾತ್ರ ಸಿಗ್ನಲ್. ಮಳೆ ಜೋರಾದರೆ ಅದೂ ಇಲ್ಲ. ಕನ್ನಡ ಬಾರದವರಿಗೆ ಎಸ್ಟೇಟಿನಲ್ಲಿ ಕಲಿತ ಮಲಯಾಳ, ತಮಿಳು, ಹರುಕುಮುರುಕು ಹಿಂದಿ. "ನಾನು ಕಾಚಂಪುಳಿ ಮಾಡುವ ಕುಟ್ಟಪ್ಪ. ಅದನ್ನ ಕುಡೀಬೇಡಿ. ಸಾರಿಗೆ ಹಾಕಿ" ಎಂದೇ ಶುರು ಮಾಡುತ್ತಿದ್ದರು. ಮೋಸದ ಫೋನೆಂದು ಕೆಲವರು ಕತ್ತರಿಸಿದರು. ಅವರಿಗೆ ಮರುದಿನ ಮತ್ತೆ ಮಾಡಿದರು. ಒಬ್ಬಾಕೆ, ತಯಾರು ಮಾಡಿದವನೇ ಬೇಡ ಅನ್ನುವುದನ್ನು ಇದೇ ಮೊದಲು ಕೇಳಿದ್ದು ಎಂದು ನಕ್ಕರು. ಮೈಸೂರಿನಲ್ಲಿ ಜಿಮ್ ನಡೆಸುವ ಪ್ರಜ್ಞೇಶ್ ಎಂಬ ಯುವಕ ಒಂದೇ ಬಾಟಲಿಯಿಂದ ಹನ್ನೆರಡು ಜನರಿಗೆ ಕುಡಿಸುತ್ತಿದ್ದ.

"ಅಂಕಲ್, ಇದು ನ್ಯಾಚುರಲ್ ಅಲ್ವಾ? ಏನಾಗುತ್ತೆ?"

"ಮೆಣಸಿನಕಾಯೂ ನ್ಯಾಚುರಲ್ಲೇ ಮಗನೇ. ಹಾಗಂತ ಕಣ್ಣಿಗೆ ಹಾಕ್ಕೊಳ್ತೀಯಾ?"

ಆ ಹುಡುಗ ಅವತ್ತೇ ನಿಲ್ಲಿಸಿದ. ಹನ್ನೆರಡು ಜನರಿಗೂ ಹೇಳಿದ್ದೇನೆ ಎಂದು ಸಂಜೆ ತಾನೇ ಫೋನ್ ಮಾಡಿದ.

ಮೂರು ತಿಂಗಳ ಮೇಲೆ ಮೈತ್ರೇಯಿ ಗಂಡನೊಂದಿಗೆ ಗಾಳಿಬೀಡಿಗೆ ಬಂದರು. ತಮ್ಮನ್ನು ಮಲಗಿಸಿದ ಹುಳಿಯನ್ನು ಮಾಡುವ ಜಾಗ ನೋಡಬೇಕೆಂಬ ಆಸೆ. ನೀಲಾವತಿ ಅವತ್ತು ಕೆಸುವಿನ ಸೊಪ್ಪು ಬೇಯಿಸಿ, ತುರಿಕೆ ಹೋಗಲೆಂದು ಕಾಲು ಚಮಚ ಕಾಚಂಪುಳಿ ಬೆರೆಸಿ ಬಡಿಸಿದರು. ಮೈತ್ರೇಯಿ ಹೆದರುತ್ತಲೇ ಬೆರಳ ತುದಿಯಲ್ಲಿ ನೆಕ್ಕಿ ನೋಡಿದರು. ಆಮೇಲೆ ಇನ್ನೊಂದು ಸೌಟು ಕೇಳಿದರು. ಈಗ ಬಾಟಲಿಯ ಮೇಲಿರುವ ಚೀಟಿ ಅವರು ಬರೆದುಕೊಟ್ಟದ್ದು: 'ಅಡುಗೆಗೆ ಮಾತ್ರ. ನಾಲ್ಕು ಜನರ ಪದಾರ್ಥಕ್ಕೆ ಅರ್ಧ ಚಮಚ. ಹಾಗೇ ಕುಡಿಯಬೇಡಿ.' ಕೊನೆಯ ಸಾಲನ್ನು ಕುಟ್ಟಪ್ಪ ಕೆಂಪು ಅಕ್ಷರದಲ್ಲಿ ಹಾಕಿಸಿದ್ದಾರೆ.

ಮಾರಾಟ ಅರ್ಧಕ್ಕೆ ಇಳಿದಿದೆ. ಸತೀಶ್ ಅವರ ಅಂಗಡಿಯಲ್ಲಿ ಕಾಚಂಪುಳಿ ಈಗ ಮೆಣಸು, ಚಕ್ಕೆಯ ಸಾಲಿನಲ್ಲಿ ಕೂತಿದೆ. ಕಳೆದ ತಿಂಗಳು ಒಂದು ಕಂಪನಿಯ ಕಡೆಯವರು ಜೀಪಿನಲ್ಲಿ ಮನೆಗೇ ಬಂದಿದ್ದರು. ಮುಂಜಾನೆ ಕುಡಿಯುವ ಪುಟ್ಟ ಪೊಟ್ಟಣಗಳಿಗೆ ಹುಳಿ ಬೇಕಂತೆ, ಎಷ್ಟಿದ್ದರೂ ತೆಗೆದುಕೊಳ್ಳುತ್ತಾರಂತೆ. ಕುಟ್ಟಪ್ಪ ಅವರಿಗೆ ಕಾಫಿ ಕೊಟ್ಟರು, ಹುಳಿ ಕೊಡಲಿಲ್ಲ.

ಕಷ್ಟವಾಗುವುದಿಲ್ಲವೇ ಎಂದರೆ ನೀಲಾವತಿಯೇ ಮುಂದಾಗಿ ಹೇಳುತ್ತಾರೆ: "ಕಾಫಿ ಉಂಟು, ಮೆಣಸು ಉಂಟು. ಊಟಕ್ಕೆ ತೊಂದ್ರೆ ಇಲ್ಲ. ಇವರಿಗೆ ಈಗ ನಿದ್ದೆ ಬರ್ತದೆ, ಅದು ಸಾಕು."

ಇನ್ನೇನು ಆಸೆ ಉಂಟು ಎಂದು ಕೇಳಿದರೆ ಕುಟ್ಟಪ್ಪ ಕೈ ಒರೆಸಿಕೊಳ್ಳುತ್ತಾರೆ. ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಆ ಪಟ್ಟಿಯನ್ನು ಹೊರತೆಗೆಯುತ್ತಾರೆ. ಮೂವತ್ತೊಂಬತ್ತು ಹೆಸರಿಗೆ ಗೀಟು ಬಿದ್ದಿದೆ.

"ಇಬ್ಬರು ಇನ್ನೂ ಸಿಕ್ಕಿಲ್ಲ. ಒಬ್ಬರು ಕಲಬುರಗಿ, ಒಬ್ಬರು ಪುಣೆ. ರಿಂಗ್ ಆಗ್ತದೆ, ಎತ್ತೋದಿಲ್ಲ. ಭಾನುವಾರ ಭಾನುವಾರ ಮಾಡ್ತಾ ಇರ್ತೀನಿ. ಒಂದ್ಸಲ ಎತ್ತಿ, ನಾವು ಆರಾಮಾಗಿದ್ದೀವಿ, ನೀವ್ಯಾರು ಅಂತ ಬೈದ್ರೂ ಸಾಕು ನಂಗೆ."