ಬೇಸಿಗೆ ರಜೆಯ ಅರ್ಥಶಾಸ್ತ್ರ

ಮೇಷ್ಟ್ರು ಕೃಷಿ ಅರ್ಥಶಾಸ್ತ್ರಕ್ಕೆ ಬಂದದ್ದು ಕೃಷಿಯ ಮೇಲಿನ ಪ್ರೀತಿಯಿಂದಲ್ಲ, ಅರ್ಥಶಾಸ್ತ್ರದ ಮೇಲಿನ ಪ್ರೀತಿಯಿಂದಂತೂ ಅಲ್ಲವೇ ಅಲ್ಲ. ಡಾಕ್ಟರ್ ಆಗಬೇಕೆಂದಿದ್ದರು, ಅಂಕ ಸಾಲಲಿಲ್ಲ. ಎಂಜಿನಿಯರ್ ಆಗೋಣವೆಂದರೆ ಗಣಿತ ಕೈಕೊಟ್ಟಿತು. ಕೃಷಿ ಕಾಲೇಜಿನಲ್ಲಿ ಸೀಟು ಖಾಲಿ ಇತ್ತು, ಹೋಗಿ ಕೂತರು. ಅಲ್ಲಿಯೂ ಗದ್ದೆಗೆ ಇಳಿಯಬೇಕಾದ ವಿಷಯಗಳನ್ನೆಲ್ಲ ಒಂದೊಂದಾಗಿ ತಪ್ಪಿಸಿಕೊಂಡು ಬಂದವರಿಗೆ ಕೊನೆಗೆ ಉಳಿದದ್ದು ಅರ್ಥಶಾಸ್ತ್ರ ಒಂದೇ. ಅಪ್ಪ ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದವರು. ಭತ್ತಕ್ಕೂ ಗೋಧಿಗೂ ಇರುವ ವ್ಯತ್ಯಾಸ ಮಗನಿಗೆ ತಿಳಿದದ್ದು ಅದು ಪರೀಕ್ಷೆಗೆ ಬಂದಿದ್ದರಿಂದ. ಇಂಥ ಮಹಾಶಯರು ಮುಂದೆ ಏಷ್ಯಾದ ಗ್ರಾಮೀಣ ಅಭಿವೃದ್ಧಿಯ ಮೇಲೆ ಬಾಯಿ ತೆರೆದರೆ ಇಡೀ ಸಭಾಂಗಣ ಪೆನ್ನಿನ ಮುಚ್ಚಳ ತೆಗೆಯುತ್ತಿತ್ತು.

ಇದನ್ನೆಲ್ಲ ಸಂಶೋಧಕಿಗೆ ಹೇಳಿದವರು ಮೇಷ್ಟ್ರ ಹೆಂಡತಿ. ಈ ಸಂಶೋಧಕಿ ಮೇಷ್ಟ್ರ ಕೈಕೆಳಗೆ ಪಿಎಚ್‌ಡಿಗೆ ಸೇರಿದ ಹೊಸತರಲ್ಲಿ ಅವರ ಮನೆಯ ಮುಂದಿನ ಕೋಣೆಯಲ್ಲಿ ಗಂಟೆಗಟ್ಟಲೆ ಕಾಯುತ್ತಿದ್ದಳು. ಗೋಡೆಗೆ ಒಂದು ನೇಗಿಲು ನೇತುಹಾಕಿತ್ತು, ವಾರ್ನಿಷ್ ಬಳಿದು ಫಳಫಳ ಹೊಳೆಯುತ್ತಿತ್ತು. ಅವಳು ಅದನ್ನು ಭಕ್ತಿಯಿಂದ ನೋಡುವುದನ್ನು ಕಂಡು ಮೇಷ್ಟ್ರ ಹೆಂಡತಿ ಚಹಾ ಲೋಟ ಇಡುತ್ತ ಹೇಳಿದ್ದರು: "ಅದು ಅಂಗಡಿಯಿಂದ ತಂದಿದ್ದಮ್ಮ. ನಿಮ್ ಮೇಷ್ಟ್ರಿಗೆ ಚಪ್ಪಲಿಗೆ ಕೆಸರು ತಾಗಿದ್ರೂ ನೆಗಡಿ ಆಗುತ್ತೆ." ಅವಳು ಅದನ್ನು ಗಂಡಹೆಂಡಿರ ಸರಸ ಎಂದುಕೊಂಡು ನಕ್ಕಿದ್ದಳು. ಆಗ ಅವಳಿಗೆ ಮೇಷ್ಟ್ರು ಎಂದರೆ ದೇವರಿಗಿಂತ ಒಂದು ಮೆಟ್ಟಿಲು ಕೆಳಗೆ, ಅಷ್ಟೆ.

ಮೇಷ್ಟ್ರನ್ನು ದೊಡ್ಡವರನ್ನಾಗಿ ಮಾಡಿದ್ದು ಒಂದು ಪುಸ್ತಕ. ಹಳ್ಳಿಗಳಲ್ಲಿ ಜನ ವರ್ಷದ ಬಹುಪಾಲು ಕೈಕಟ್ಟಿ ಕೂತಿರುತ್ತಾರೆ, ಆ ಖಾಲಿ ಕೈಗಳಿಗೆ ಕೆಲಸ ಕೊಟ್ಟರೆ ಬಡತನ ಓಡಿಹೋಗುತ್ತದೆ ಎಂಬುದು ಅದರ ಸಾರ. ವಿಶ್ವವಿದ್ಯಾಲಯಕ್ಕೆ ಬೇಸಿಗೆ ರಜೆ ಬಿಟ್ಟಾಗ ಜೀಪು ಖಾಲಿ, ಡ್ರೈವರ್ ಖಾಲಿ, ವಿದ್ಯಾರ್ಥಿಗಳೂ ಖಾಲಿ. ಆ ಹೊತ್ತಿಗೆ ಹೊರಟು, ಟಾರು ರಸ್ತೆ ಮುಗಿಯುವಲ್ಲಿಗೆ ಜೀಪು ನಿಲ್ಲಿಸಿ, ಅಲ್ಲಿಂದ ಕಾಣುವ ಊರುಗಳಲ್ಲಿ ಸಮೀಕ್ಷೆ ಮಾಡಿಸಿದ್ದರು. ಮರದ ಕೆಳಗೆ ಗಂಡಸರು ಇಸ್ಪೀಟು ಆಡುತ್ತಿದ್ದರು. ಹೆಂಗಸರು ಕಾಲು ಚಾಚಿ ಕೂತು ಒಬ್ಬರ ತಲೆಯ ಹೇನು ಒಬ್ಬರು ಹೆಕ್ಕುತ್ತಿದ್ದರು. ಮೇಷ್ಟ್ರು ಕಂಡರು, ನಂಬಿದರು, ಬರೆದರು. ಮರುವರ್ಷ ಪಕ್ಕದ ದೇಶಕ್ಕೆ ಹೋದರು, ಅಲ್ಲಿಯೂ ರಜೆಯಲ್ಲೇ. ಅಲ್ಲಿಯೂ ಜನ ಕೂತಿದ್ದರು. ಹೀಗೆ ಇಡೀ ಏಷ್ಯಾವನ್ನು ಅವರು ಚಾಪೆಯ ಮೇಲೆ ಮಲಗಿಸಿಬಿಟ್ಟರು.

ಸರ್ಕಾರ ಪುಸ್ತಕವನ್ನು ತಲೆಯ ಮೇಲೆ ಹೊತ್ತುಕೊಂಡಿತು. ಖಾಲಿ ಕೈಗಳಿಗಾಗಿ ತಗಡಿನ ಶೆಡ್ಡುಗಳು ಎದ್ದವು, ಹಗ್ಗ ಹೊಸೆಯುವ ಯಂತ್ರಗಳು ಬಂದವು. ಕಡತ ಮೇಜಿನಿಂದ ಮೇಜಿಗೆ ದಾಟಿ ಉದ್ಘಾಟನೆಯಾಗುವ ಹೊತ್ತಿಗೆ ಮಳೆ ಹಿಡಿದಿತ್ತು. ಶೆಡ್ಡಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ತಲೆ ಕೆರೆದುಕೊಳ್ಳುತ್ತಿದ್ದರು. ಮೇಷ್ಟ್ರು ಎರಡನೇ ಪುಸ್ತಕ ಬರೆದರು: ಹಳ್ಳಿಗರ ಉದಾಸೀನದ ಮೂಲಗಳು. ಅದಕ್ಕೆ ಮೊದಲಿನದಕ್ಕಿಂತ ಹೆಚ್ಚು ಹೆಸರು ಬಂತು. ವಿಭಾಗದ ಮುಖ್ಯಸ್ಥರಾದರು, ಹೊರದೇಶದ ಹೋಟೆಲುಗಳಲ್ಲಿ ಬಡತನದ ಬಗ್ಗೆ ಉಪನ್ಯಾಸ ಕೊಟ್ಟು ದಿನಕ್ಕೆ ಮೂರು ಸಲ ಊಟ ಮಾಡಿದರು, ಹೊಟ್ಟೆ ಬಂತು. ಹೊಟ್ಟೆಯ ಜೊತೆಗೆ ಗಾಂಭೀರ್ಯವೂ ಬಂತು.

ಸಂಶೋಧಕಿಯೂ ಬೇಸಿಗೆಯಲ್ಲೇ ಹೊರಡಬೇಕಿತ್ತು. ಹೊರಡುವ ವಾರ ಕಾಮಾಲೆಯಾಗಿ ಹಾಸಿಗೆ ಹಿಡಿದಳು. ಎದ್ದು ಓಡಾಡುವಷ್ಟರಲ್ಲಿ ಮಳೆ ಶುರುವಾಗಿತ್ತು, ಜೀಪು ಕೊಡುವುದಿಲ್ಲ ಎಂದರು. ಬಸ್ಸು ಹತ್ತಿ, ಟಾರು ಮುಗಿದಲ್ಲಿ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು ನಡೆದಳು. ಊರಲ್ಲಿ ಮನೆಗಳಿಗೆಲ್ಲ ಬೀಗ. ಒಂದು ಮುದುಕಿ ತೊಟ್ಟಿಲು ತೂಗುತ್ತ ಗದ್ದೆಯ ಕಡೆ ಕೈ ತೋರಿಸಿತು. ಅಲ್ಲಿ ಊರಿಗೆ ಊರೇ ಬಗ್ಗಿ ನಾಟಿ ಹಾಕುತ್ತಿತ್ತು.

"ನಿಮ್ಮನ್ನ ಸ್ವಲ್ಪ ಮಾತಾಡಿಸ್ಬೇಕಿತ್ತು" ಎಂದಳು ಬದುವಿನ ಮೇಲೆ ನಿಂತು.

"ಮಾತಾಡ್ಸು, ಬೇಡ ಅಂದೋರ್ಯಾರು? ಬಗ್ಗಿಕೊಂಡೇ ಕೇಳು" ಎಂದಳು ಸಾಲಿನ ತುದಿಯಲ್ಲಿದ್ದ ಒಬ್ಬ ಹೆಂಗಸು. "ಪಕ್ಕದೂರಿಂದ ಬರ್ತೀವಿ ಅಂದಿದ್ದ ಆಳುಗಳು ಬಂದಿಲ್ಲ. ಸಸಿ ಬಲಿತು ಹೋಗ್ತಿದೆ. ನಮಗೆ ಮೂಗೊರೆಸಿಕೊಳ್ಳೋಕೂ ಪುರಸೊತ್ತಿಲ್ಲ."

ಸಂಶೋಧಕಿಗೆ ತಲೆ ಗಿರ್ರೆಂದಿತು. ಖಾಲಿ ಕೈಗಳ ಊರಲ್ಲಿ ಕೈ ಸಾಲದೆ ಹೊರಗಿನಿಂದ ಆಳು ಕರೆಸುತ್ತಿದ್ದಾರೆ! ಅವಳು ಅಲ್ಲಿಂದ ಊರಿಂದೂರಿಗೆ ಅಲೆದಳು. ನಾಟಿ, ಕಳೆ, ಕೊಯ್ಲು ಮುಗಿಯುವ ತನಕ ಪೇಟೆಗೆ ತಿರುಗಿ ನೋಡಲಿಲ್ಲ. ಎಲ್ಲಿ ಹೋದರೂ ಅದೇ. ಜನ ಮಲಗುತ್ತಿದ್ದದ್ದು ಬೇಸಿಗೆಯಲ್ಲಿ, ಮೈ ಮುರಿದು ದುಡಿದ ಮೇಲೆ. ಮೇಷ್ಟ್ರು ಬರುತ್ತಿದ್ದದ್ದೂ ಬೇಸಿಗೆಯಲ್ಲಿ. ಅಷ್ಟೇ ಕಥೆ. ಇಷ್ಟು ದೊಡ್ಡ ವಿದ್ವತ್ತಿನ ಬುಡದಲ್ಲಿ ಇದ್ದದ್ದು ಕಾಲೇಜಿನ ರಜೆಯ ವೇಳಾಪಟ್ಟಿ.

ಇದನ್ನೆಲ್ಲ ತನ್ನ ಥೀಸಿಸ್ಸಿನ ಒಂದು ಅಧ್ಯಾಯವಾಗಿ ಬರೆದು ಮೇಷ್ಟ್ರ ಕೋಣೆಗೆ ಒಯ್ದಳು. ಇದು ತನ್ನ ಹೆಸರಿನಲ್ಲಿ ಹೊರಬರಬೇಕು, ತಪ್ಪು ತಪ್ಪೆಂದು ಎಲ್ಲರಿಗೂ ಗೊತ್ತಾಗಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೆ. ಅದಕ್ಕಾಗಿ ಬೈಸಿಕೊಳ್ಳಲು, ಬೇಕಾದರೆ ಹೊರಗೆ ಹಾಕಿಸಿಕೊಳ್ಳಲೂ ತಯಾರಾಗಿ ಬಂದಿದ್ದಳು.

ಮೇಷ್ಟ್ರು ಕೊನೆಯ ಪುಟದವರೆಗೂ ಓದಿದರು. ಕನ್ನಡಕ ತೆಗೆದು ಒರೆಸಿದರು.

"ಇದು ನಂಗೆ ಮೊದ್ಲೇ ಗೊತ್ತಿತ್ತಮ್ಮ" ಎಂದರು.

"ಗೊತ್ತಿತ್ತಾ ಸರ್?"

"ಮೊದಲನೇ ಪುಸ್ತಕಕ್ಕೂ ಮುಂಚೆ. ಒಬ್ಬ ಮುದುಕ ಹೇಳಿದ್ದ, ಮಳೆಗಾಲದಲ್ಲಿ ಬಂದು ನೋಡಿ ಅಂತ. ಹೋಗೋದು ಹೇಗೆ? ಜೀಪು ಹೂತ್ಕೊಳ್ಳುತ್ತೆ. ಪಾಠಗಳು ಬೇರೆ ಇರ್ತವೆ."

ಅವಳು ಮೇಜಿನ ಮೇಲಿನ ತನ್ನ ಹಾಳೆಗಳನ್ನು ನೋಡಿದಳು. ತಿಳಿಯದೆ ಮಾಡಿದ ತಪ್ಪೆಂದುಕೊಂಡು, ಈ ಮನುಷ್ಯನ ಮನಸ್ಸಿಗೆ ನೋವಾದೀತೆಂದು, ಅವಳು ಒಂದೊಂದು ವಾಕ್ಯವನ್ನೂ ಮೆತ್ತಗೆ ಮಾಡಿ ಬರೆದಿದ್ದಳು! ಆ ಕ್ಷಣದಲ್ಲಿ ಅವಳ ಭಕ್ತಿಯೆಲ್ಲ ಇಳಿದುಹೋಗಿ ಅಲ್ಲಿ ಅಸಹ್ಯ ಬಂದು ಕೂತಿತು.

"ಒಳ್ಳೆ ಕೆಲ್ಸ" ಎಂದರು ಮೇಷ್ಟ್ರು, ಹಾಳೆಗಳನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತ. "ಥೀಸಿಸ್‌ಗೆ ಇದು ಬೇಡ, ಭಾರ ಆಗುತ್ತೆ. ಇದನ್ನ ನಾವು ಪುಸ್ತಕ ಮಾಡೋಣ."

ನಾವು ಎಂದರೆ ಯಾರು ಎಂಬುದು ಪುಸ್ತಕ ಬಂದ ಮೇಲೆ ಗೊತ್ತಾಯಿತು. ರಕ್ಷಾಪುಟದ ಮೇಲೆ ಮೇಷ್ಟ್ರ ಹೆಸರು ಒಂದೇ. ಸಂಶೋಧಕಿಯ ಹೆಸರು ಒಳಗೆ, ಕೃತಜ್ಞತೆಯ ಪುಟದಲ್ಲಿ, ಡ್ರೈವರ್‌ಗೂ ಬೆರಳಚ್ಚುಗಾರನಿಗೂ ನಡುವೆ ಇತ್ತು. ಮಳೆಗಾಲದಲ್ಲಿ ಒಮ್ಮೆಯೂ ಜೀಪು ಹತ್ತದ ಡ್ರೈವರ್!

ಮನೆಗೆ ಬಂದು ಪುಸ್ತಕವನ್ನು ನೆಲಕ್ಕೆ ಎಸೆದಳು. ಅಕ್ಕ ಅದನ್ನು ಎತ್ತಿ ಧೂಳು ಕೊಡವಿದಳು. "ಸುಮ್ನಿರೇ. ವಿಭಾಗದಲ್ಲಿ ಖಾಯಂ ಕೆಲಸಕ್ಕೆ ಅರ್ಜಿ ಕರೆದಿದ್ದಾರೆ, ನಿಮ್ ಮೇಷ್ಟ್ರು ಒಂದು ಮಾತು ಹೇಳಿದ್ರೆ ಸಿಗುತ್ತೆ. ಆರ್ಡರು ಕೈಗೆ ಬರ್ಲಿ. ಆಮೇಲೆ ಬಾಯಿಗೆ ಬಂದ ಹಾಗೆ ಬೈಯಿ, ನಾನೂ ದನಿಗೂಡಿಸ್ತೀನಿ" ಎಂದಳು. ಬಾಡಿಗೆ ಮನೆಯ ಹೊರಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿದು ತಂಗಿಯನ್ನು ಓದಿಸಿದವಳು ಅಕ್ಕ. ಅವಳ ಮಾತು ತೆಗೆದುಹಾಕುವಂತಿರಲಿಲ್ಲ. ಸಂಶೋಧಕಿ ತುಟಿ ಪಿಟಕ್ಕೆನ್ನದೆ ಅರ್ಜಿ ಹಾಕಿದಳು.

ಪುಸ್ತಕಕ್ಕೆ ಪ್ರಶಸ್ತಿ ಬಂತು, ಬರದೆ ಇರುತ್ತದೆಯೇ? ತನ್ನ ತಪ್ಪನ್ನು ತಾನೇ ತಿದ್ದಿಕೊಂಡ ಧೀಮಂತ ಎಂದು ವೇದಿಕೆಯ ಮೇಲೆ ಒಬ್ಬೊಬ್ಬರಾಗಿ ಹೊಗಳಿದರು. ಮೇಷ್ಟ್ರು ತಲೆ ತಗ್ಗಿಸಿ, ಹೊಗಳಿಕೆ ಚುಚ್ಚುತ್ತಿದೆ ಎನ್ನುವ ಹಾಗೆ ಮುಖ ಮಾಡಿಕೊಂಡು ಕೂತಿದ್ದರು. ಮುಂದಿನ ಸಾಲಿನಲ್ಲಿ ಅವಳು ಅರ್ಜಿ ಹಾಕಿದ್ದ ಕೆಲಸದ ಆಯ್ಕೆ ಸಮಿತಿಯ ಅಧ್ಯಕ್ಷರಿದ್ದರು. ನಿರೂಪಕ ಶಿಷ್ಯರ ಪರವಾಗಿ ಎರಡು ಮಾತಾಡಲು ಸಂಶೋಧಕಿಯನ್ನು ಕರೆದ.

ಅವಳು ಧನ್ಯವಾದದ ನಾಲ್ಕು ಸಾಲು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಮೈಕಿನ ಮುಂದೆ ನಿಂತು ಆ ತಗ್ಗಿಸಿದ ತಲೆ ನೋಡಿದಳು. ಮೈಯೆಲ್ಲ ಉರಿದುಹೋಯಿತು. ಕೆಲಸ ಹೋದರೆ ಹೋಗಲಿ ಎಂದುಕೊಂಡಳು. ಅಕ್ಕನ ಮುಖ ಕಣ್ಣ ಮುಂದೆ ಬಂತು, ಅದನ್ನೂ ಪಕ್ಕಕ್ಕೆ ಸರಿಸಿದಳು.

"ಸರ್ ಒಂದೇ ಒಂದು ಮಳೆಗಾಲದಲ್ಲೂ ಹಳ್ಳಿಗೆ ಹೋಗಿಲ್ಲ" ಎಂದಳು. "ಜನ ಮಲಗಿರೋ ಬೇಸಿಗೆ ರಜೆಯಲ್ಲಿ ಹೋಗಿ, ಜನ ಮಲಗಿದ್ದಾರೆ ಅಂತ ಬರೆದ್ರು. ಅದು ಸುಳ್ಳು ಅಂತ ಅವರಿಗೆ ಆಗ್ಲೇ ಗೊತ್ತಿತ್ತು. ಈಗ ಪ್ರಶಸ್ತಿ ಬಂದಿದೆಯಲ್ಲ, ಆ ಪುಸ್ತಕದ ಕೆಲಸ ನನ್ನದು. ಸರ್‌ದು ರಕ್ಷಾಪುಟ ಮಾತ್ರ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮುಂದಿನ ಸಾಲಿನಲ್ಲಿ ಯಾರೋ ಗೊಳ್ಳೆಂದರು. ಅವರ ಹಿಂದಿನವರು ನಕ್ಕರು, ಅವರನ್ನು ನೋಡಿ ಇಡೀ ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಷ್ಟ್ರು.

"ನಾನು ತಮಾಷೆ ಮಾಡ್ತಿಲ್ಲ" ಎಂದಳು ಅವಳು ಮೈಕಿಗೆ ಬಾಯಿ ಹಚ್ಚಿ. ನಗು ಇನ್ನೂ ಜೋರಾಯಿತು. ಮೇಷ್ಟ್ರು ಎದ್ದು ಬಂದು, ಕಣ್ಣೊರೆಸಿಕೊಳ್ಳುತ್ತ ಅವಳ ಹೆಗಲು ತಟ್ಟಿ, "ನೋಡಿ, ಗುರುವನ್ನೂ ಬಿಡಬೇಡಿ ಅಂತ ನನ್ನ ಶಿಷ್ಯರಿಗೆ ಕಲಿಸಿದ್ದೇ ನಾನು!" ಎಂದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಚಹಾದ ಮೇಜಿನ ಹತ್ತಿರ ಆಯ್ಕೆ ಸಮಿತಿಯ ಅಧ್ಯಕ್ಷರು ಬಿಸ್ಕತ್ತು ನೆನೆಸಿಕೊಂಡು ತಿನ್ನುತ್ತ ಅವಳ ಬಳಿ ಬಂದರು. "ಭಲೇ, ಚೆನ್ನಾಗಿ ಕಾಲೆಳೆದ್ರಿ. ನಿಮ್ಮಂಥ ಹಾಸ್ಯಪ್ರಜ್ಞೆ ಇರೋರು ನಮ್ಮಲ್ಲಿ ಕಮ್ಮಿ ಕಣ್ರೀ. ಇಂಟರ್‌ವ್ಯೂ ಮುಂದಿನ ವಾರ ಅಲ್ವಾ? ಸುಮ್ನೆ ಬಂದು ಕೂತ್ಕೊಳ್ಳಿ, ಸಾಕು."

"ಥ್ಯಾಂಕ್ಸ್ ಸರ್" ಎಂದಳು ಸಂಶೋಧಕಿ. ಅವರು ಆಚೆ ಹೋದ ಮೇಲೆ, ತಾನೂ ಅವರ ಜೊತೆ ಹಲ್ಲು ಬಿಟ್ಟು ನಗುತ್ತ ನಿಂತಿದ್ದೆ ಎಂಬುದು ಅವಳಿಗೆ ಗೊತ್ತಾಯಿತು.